ಹಮ್ಮಣ್ಣನ ಛತ್ರಿ

ನನಗೊಂದು ಕೆಟ್ಟ ಚಟವಿದೆ. ಯಾರ ಮೈಮೇಲಿನ ಬಟ್ಟೆಯೇ ಆಗಲಿ, ಅಂಚನ್ನು ಚೂರು ಮಗುಚಿ ಅದರ ಉಲ್ಟಾ ಬದಿ ನೋಡದೆ ನನಗೆ ಸಮಾಧಾನವಾಗುವುದಿಲ್ಲ. ಸೀದಾ ಬದಿಯನ್ನು ಎಲ್ಲರೂ ನೋಡುತ್ತಾರೆ, ಅದು ಇರುವುದೇ ತೋರಿಸುವುದಕ್ಕೆ. ಹೊಲಿದವರ ಗುಣ ತಿಳಿಯುವುದು ಒಳಗೆ. ಅವಸರದಲ್ಲಿ ಹೊಲಿದರೋ ಸಾವಕಾಶ ಹೊಲಿದರೋ, ಬಟ್ಟೆ ಕದ್ದರೋ ಧಾರಾಳ ಬಿಟ್ಟರೋ, ಮನೆಯಲ್ಲಿ ಜಗಳವಾಡಿ ಬಂದು ಮಶೀನಿಗೆ ಕೂತರೋ, ಎಲ್ಲವೂ ಅಲ್ಲಿ ಬರೆದಿಟ್ಟಂತೆ ಇರುತ್ತದೆ. ಒಮ್ಮೆ ಅಂಕೋಲೆಯ ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ಹೋದವಳು ಮದುಮಗಳ ತೋಳಿನ ಅಂಚು ಮಗುಚಿ ನೋಡುತ್ತ ನಿಂತುಬಿಟ್ಟೆ. ಫೋಟೋದವನು ಸರಿಯಾಗಿ ಅದೇ ಗಳಿಗೆಗೆ ಬಟನ್ ಒತ್ತಿದ. ಆ ಮನೆಯ ಆಲ್ಬಮ್ಮಿನಲ್ಲಿ ನಾನು ಇವತ್ತಿಗೂ ಮದುಮಗಳ ತೋಳಿನಲ್ಲಿ ಹೇನು ಹುಡುಕುತ್ತ ನಿಂತಿದ್ದೇನೆ.

ಕಾರವಾರದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಬ್ಲೌಸು, ಸೀರೆಗೆ ಫಾಲ್ಸು, ಜೂನ್ ತಿಂಗಳಿನಲ್ಲಿ ಶಾಲೆಯ ಯೂನಿಫಾರ್ಮು. ಗೋಡೆಯ ಹಲಗೆಯ ಮೇಲೆ ಬ್ಲೌಸಿನ ಕತ್ತಿನ ಡಿಸೈನುಗಳ ಆಲ್ಬಮ್ಮುಗಳಿವೆ. ಅವುಗಳ ಪಕ್ಕದಲ್ಲೇ, ಒಂದಕ್ಕೊಂದು ಸಂಬಂಧವಿಲ್ಲದ ಅಳತೆಯ ಮೂರು ಇಂಗ್ಲಿಷ್ ಪುಸ್ತಕಗಳಿವೆ. ಮೂರೂ ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ಹಾರಿ ಇಳಿಯುತ್ತಿದ್ದ ಅಮೇರಿಕದ ಪ್ಯಾರಾಟ್ರೂಪರುಗಳ ಬಗ್ಗೆ. ಹೊಸ ಗಿರಾಕಿಗಳು ಆಲ್ಬಮ್ಮೆಂದು ತಿಳಿದು ಅವನ್ನೇ ಎಳೆದು ತೆಗೆಯುತ್ತಾರೆ. ಮೊನ್ನೆ ಕದ್ವಾಡದಿಂದ ಬಂದ ಹೆಂಗಸೊಬ್ಬಳು ನಾಲ್ಕು ಪುಟ ತಿರುವಿ, “ಬಾಯೀ, ಇದ್ರಲ್ಲಿ ಹೆಂಗಸ್ರದ್ದು ಯಾವ ಪುಟದಿಂದ ಶುರು?” ಎಂದು ಕೇಳಿದಳು. ನಾನು ಅವಳನ್ನು ಕೂಡಿಸಿ, ಆ ಪುಟದ ಸೈನಿಕನ ಎದೆಯ ಜೇಬುಗಳನ್ನು ಯಾಕೆ ಓರೆಯಾಗಿ ಹೊಲಿದಿದ್ದಾರೆ ಎಂದು ಹೇಳತೊಡಗಿದೆ. ಪಾಪ, ಅವಳ ಬಸ್ಸು ತಪ್ಪಿತು.

ಬ್ಲೌಸು ಹೊಲಿಯುವವಳಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ನನ್ನ ಅಜ್ಜನ ವಿಷಯ ಹೇಳಬೇಕು.

ಅಜ್ಜನ ಹೆಸರು ಹಮ್ಮಣ್ಣ. ಮಳೆಗಾಲದಲ್ಲಿ ಗದ್ದೆ, ಉಳಿದ ದಿನಗಳಲ್ಲಿ ಅಂಕೋಲೆಯ ಮನೆಯ ಜಗಲಿಯ ಮೇಲೆ ಹೊಲಿಗೆ ಮಶೀನು. ಯುದ್ಧ ಮುಗಿದ ಹೊಸದರಲ್ಲಿ ಯಾವುದೋ ಕೆಲಸಕ್ಕೆ ಮುಂಬಯಿಗೆ ಹೋಗಿದ್ದವನು, ಸೈನ್ಯದವರು ಇನ್ನು ಬೇಡವೆಂದು ವಿಲೇವಾರಿ ಮಾಡುತ್ತಿದ್ದ ಸಾಮಾನುಗಳ ರಾಶಿಯಲ್ಲಿ ಒಂದು ಬಿಳಿ ಬಟ್ಟೆಯ ತುಂಡನ್ನು ಹೆಕ್ಕಿ ತಂದ. ಅಜ್ಜಿ ಆಗ ತುಂಬಿದ ಬಸುರಿ. ನಮ್ಮಲ್ಲಿ ಹಸುಗೂಸನ್ನು ಮಲಗಿಸಲು ಮಾಡಿನ ತೊಲೆಗೆ ಬಟ್ಟೆಯ ತೊಟ್ಟಿಲು ಕಟ್ಟುತ್ತಾರೆ, ಅದಕ್ಕೆ ಜೋಲಿ ಎನ್ನುತ್ತೇವೆ. ಅಜ್ಜ ಆ ತುಂಡನ್ನು ಜೋಲಿ ಮಾಡಿದ. ಅದರಲ್ಲಿ ಮೊದಲು ಮಲಗಿದ್ದು ನನ್ನ ಅಪ್ಪ ಬೊಮ್ಮಯ್ಯ. ಆಮೇಲೆ ಅತ್ತೆಯಂದಿರು, ನಾನು, ನನ್ನ ತಮ್ಮ, ಅವನ ಮಕ್ಕಳು. ನಮ್ಮ ಮನೆಯ ಒಂದು ಕೂಸೂ ಬೇರೆ ಬಟ್ಟೆಯಲ್ಲಿ ಮಲಗಿಲ್ಲ.

ಇದರಲ್ಲಿ ತಕರಾರಿಲ್ಲ. ತಕರಾರು ಬಂದದ್ದು ಅಜ್ಜನ ಬಾಯಿಂದ. “ಅಮೇರಿಕದ ಸಿಪಾಯಿ ಮೋಡದಿಂದ ಹಾರಿ ಇಳ್ದ ಛತ್ರಿ ಇದು” ಎಂದು ಅವನು ಊರೆಲ್ಲ ಹೇಳಿಕೊಂಡು ಬಂದ. ಊರವರು ಯಾರು ನಂಬಬೇಕು? ಮೋಡದಿಂದ ಮನುಷ್ಯ ಹಾರುವುದಂತೆ, ಬಟ್ಟೆ ಹಿಡಿದು ಇಳಿಯುವುದಂತೆ, ಆ ಬಟ್ಟೆ ಬಂದು ಹಮ್ಮಣ್ಣನ ಜಗಲಿಯಲ್ಲಿ ತೂಗುವುದಂತೆ! ನಮ್ಮ ಕೇರಿಯಲ್ಲಿ ಯಾರಾದರೂ ಮಾತನ್ನು ಉಬ್ಬಿಸಿ ಹೇಳಿದರೆ “ಅದು ಹಮ್ಮಣ್ಣನ ಛತ್ರಿ” ಎನ್ನುವುದು ರೂಢಿಯಾಯಿತು. ಇಷ್ಟು ದೊಡ್ಡ ಮೀನು ಹಿಡಿದೆ ಎಂದರೆ ಹಮ್ಮಣ್ಣನ ಛತ್ರಿ. ಪರೀಕ್ಷೆಯಲ್ಲಿ ಮೊದಲ ನಂಬರು ಬರುತ್ತೇನೆ ಎಂದರೆ ಹಮ್ಮಣ್ಣನ ಛತ್ರಿ. ಅಪ್ಪನನ್ನು ಶಾಲೆಯಲ್ಲಿ ಛತ್ರಿ ಎಂದೇ ಕರೆಯುತ್ತಿದ್ದರಂತೆ. ಮುಂದೆ ಅಪ್ಪ ಅಂಕೋಲೆಯಲ್ಲಿ ಹೆಸರಾದ ಟೇಲರಾದ, ಯೂನಿಫಾರ್ಮು ಹೊಲಿಯುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಆದರೂ ಪೇಟೆಯಲ್ಲಿ ಹಳೆಯ ಜೊತೆಯವರು ಸಿಕ್ಕರೆ ಛತ್ರಿಯೇ. ಅಪ್ಪ ನಗುತ್ತಿದ್ದ. ಆ ನಗುವಿನ ಉಲ್ಟಾ ಬದಿಯನ್ನು ನಾನು ಬಹಳ ದಿನ ನೋಡಲಿಲ್ಲ.

ನನಗೆ ಆ ಬಟ್ಟೆಯ ನೆನಪೆಂದರೆ ಮೊದಲು ಬರುವುದು ಅದರ ನಡುವಿನ ಹೊಲಿಗೆ. ಎರಡು ಪಟ್ಟಿಗಳನ್ನು ಕೂಡಿಸಿದ ಆ ಹೊಲಿಗೆಯೊಳಗೆ ಉದ್ದಕ್ಕೂ ಒಂದು ಟೊಳ್ಳು ದಾರಿಯಿತ್ತು, ಕಿರುಬೆರಳು ತೂರುವಷ್ಟು. ತಮ್ಮ ಹುಟ್ಟಿದಾಗ ನನಗೆ ಐದು ವರ್ಷ. ಜೋಲಿ ತೂಗುವ ಕೆಲಸ ನನ್ನದು. ತೂಗಿ ಬೇಸರ ಬಂದಾಗ ಆ ಟೊಳ್ಳಿನಲ್ಲಿ ಹುಣಸೆಬೀಜ ತುರುಕಿ, ಹಿಂದಿನಿಂದ ಒತ್ತುತ್ತ ಒತ್ತುತ್ತ ಇನ್ನೊಂದು ತುದಿಯಲ್ಲಿ ಹೊರಡಿಸುವುದು ನನ್ನ ಆಟ. “ಈ ದಾರಿ ಯಾಕಿಟ್ಟದ್ದೇ ಅಜ್ಜೀ?” ಎಂದರೆ ಅವಳ ಹತ್ತಿರ ಉತ್ತರ ಸಿದ್ಧ: “ಗಾಳಿ ಆಡೂಕೆ.” ಒಮ್ಮೆ ಒಂದು ಬೀಜ ನಡುದಾರಿಯಲ್ಲಿ ಸಿಕ್ಕಿಕೊಂಡಿತು. ಈಗಲೂ ಇದೆ, ಒತ್ತಿದರೆ ಕೈಗೆ ಹತ್ತುತ್ತದೆ.

ಎರಡನೆಯದು ಮಾವಿನಕಾಯಿ. ಬಟ್ಟೆಯ ಒಂದು ಮೂಲೆಯಲ್ಲಿ ಅಜ್ಜ ಕೆಂಪು ಬಟ್ಟೆಯಲ್ಲಿ ಮಾವಿನಕಾಯಿ ಕತ್ತರಿಸಿ ಕೂಡಿಸಿದ್ದ. ದುಂಡಗೆ, ಮೂಗು ಚೂರೇ ಬಾಗಿದ, ನಮ್ಮ ಅಂಕೋಲೆಯ ಇಶಾಡ ಮಾವಿನಕಾಯಿ. “ಬೋಳು ಬಟ್ಟೇಲಿ ಕೂಸು ಮನಗಿಸೂದಾ ಅಂತ ಹಾಕ್ದ” ಎನ್ನುತ್ತಿದ್ದಳು ಅಜ್ಜಿ. ಜೋಲಿ ಕಟ್ಟುವಾಗ ಮಾವಿನಕಾಯಿ ಹೊರಗೆ ಬರಬೇಕು, ಬಂದವರಿಗೆ ಕಾಣಬೇಕು. ಅದು ಮನೆಯ ಕಾಯಿದೆಯಾಗಿಬಿಟ್ಟಿತ್ತು.

ಅಪ್ಪನ ಅಂಗಡಿಯಲ್ಲಿ ಕೆಲಸ ಕಲಿತವಳು ನಾನು. ಅವನದೊಂದು ಪದ್ಧತಿಯಿತ್ತು. ಹೊಲಿದು ಮುಗಿದ ಬಟ್ಟೆಯನ್ನು ಉಲ್ಟಾ ಮಾಡಿ, ಭಾರ ಬೀಳುವ ಜಾಗದ ಹೊಲಿಗೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು, ಒಮ್ಮೆ ಜೋರಾಗಿ ಜಗ್ಗುತ್ತಿದ್ದ. ಆಮೇಲೆ “ಹಿಡೀತದೆ” ಎನ್ನುತ್ತಿದ್ದ. ಅಷ್ಟೇ. ಆ ಮಾತು ಕೇಳದೆ ಒಂದು ಚಡ್ಡಿಯೂ ಆ ಅಂಗಡಿಯ ಮೆಟ್ಟಿಲು ಇಳಿಯುತ್ತಿರಲಿಲ್ಲ. ನಾನು ಹೊಲಿದದ್ದನ್ನು ಅವನು ಜಗ್ಗುವಾಗ ನನಗೆ ಎಸ್‌ಎಸ್‌ಎಲ್‌ಸಿ ರಿಸಲ್ಟಿಗಿಂತ ಹೆಚ್ಚು ಎದೆ ಹೊಡೆದುಕೊಳ್ಳುತ್ತಿತ್ತು.

ಈಗ ಅಪ್ಪ ನನ್ನ ಜೊತೆ ಕಾರವಾರದಲ್ಲೇ ಇದ್ದಾನೆ. ಎಂಬತ್ತರ ಹತ್ತಿರ. ಅಂಗಡಿಯಲ್ಲಿ ಕೂತು ಗುಂಡಿ ಹಚ್ಚುತ್ತಾನೆ, ಗಿರಾಕಿಗಳ ಮೇಲೆ ಅಧಿಕಾರ ನಡೆಸುತ್ತಾನೆ. ಕಳೆದ ವರ್ಷ ಅವನು ಹಚ್ಚಿದ ಗುಂಡಿಗಳು ಕಾಜಿಗೆ ಎದುರು ಬರುವುದು ನಿಂತಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಕಣ್ಣಿನ ಒಳಪದರ ನಡುವಿನಲ್ಲಿ ಸವೆಯುತ್ತಿದೆ, ನಡುವಿನ ನೋಟ ಹೋಗುತ್ತದೆ, ಅಂಚಿನದು ಉಳಿಯುತ್ತದೆ, ಕೆಲವೇ ತಿಂಗಳ ಮಾತು ಎಂದರು ಡಾಕ್ಟರು. ಆಗಲೇ ಅವನಿಗೆ ಎದುರು ಕೂತವರ ಮುಖದ ಜಾಗದಲ್ಲಿ ಬೂದುಬಣ್ಣದ ಚುಕ್ಕೆ ಕಾಣುತ್ತಿತ್ತು. ಕೋಳಿ ತಲೆ ವಾರೆ ಮಾಡಿ ನೋಡುವಂತೆ ಅಪ್ಪನೂ ಓರೆಯಾಗಿ ನೋಡುವುದನ್ನು ರೂಢಿ ಮಾಡಿಕೊಂಡ.

ಅದೇ ಸಮಯಕ್ಕೆ ತಮ್ಮನ ಮಗಳು ದೀಪಾಳ ಸೀಮಂತ ಬಂತು. ಅವಳನ್ನು ಕೊಟ್ಟದ್ದು ಅಮದಳ್ಳಿಗೆ. ಅವಳ ಮಾವ ವಿಠೋಬಣ್ಣ ಸರಕಾರಿ ಸ್ಟೋರಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಒಳ್ಳೆಯ ಮನುಷ್ಯರು, ಆದರೆ ಲೋಕದ ಯಾವ ವಸ್ತುವನ್ನೂ ಯಾವ ಕಪಾಟಿಗೆ ಸೇರಿದ್ದೆಂದು ಹೇಳದೆ ಬಿಡುವವರಲ್ಲ. ಊಟದ ಮೇಲೆ ಮಾತು ಹುಟ್ಟುವ ಕೂಸಿನ ಕಡೆಗೆ, ಅಲ್ಲಿಂದ ಜೋಲಿಯ ಕಡೆಗೆ ಹೊರಳಿತು. ಅಪ್ಪ ಅಜ್ಜನ ಕಥೆ ಹೇಳಿದ. ವಿಠೋಬಣ್ಣ ಸಮಾಧಾನದಿಂದ ಕೇಳಿ, ಅಡಿಕೆ ಬಾಯಿಗೆ ಹಾಕಿಕೊಂಡು, ತೀರ್ಪು ಕೊಟ್ಟರು.

“ಛತ್ರಿ ಹೌದಾಗಿರ್ಲಿ ಬೀಗ್ರೇ. ಆದ್ರೆ ಮನ್ಷಾಂದು ಅಲ್ಲ ಹಾಂ. ಅಕ್ಕಿ ಮೂಟೆ, ಡಬ್ಬಿ ಗಿಬ್ಬಿ ಇಳ್ಸೂಕೆ ಬೇರೆ ಛತ್ರಿ ಇರ್ತದೆ. ನಿಮ್ಮ ಅಪ್ಪಂಗೆ ಸಿಕ್ಕಿದ್ದು ಅದೇ. ನಾ ಇಷ್ಟು ವರ್ಷ ಸ್ಟೋರಲ್ಲೇ ಕಳ್ದಂವ, ನಂಗೆ ಗೊತ್ತಾಗೂದಿಲ್ವಾ?”

ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಊರವರು ಇಷ್ಟು ವರ್ಷ ಪೂರ್ತಿ ಸುಳ್ಳೆಂದಾಗ ನಕ್ಕವನಿಗೆ, ಅರ್ಧ ನಿಜ ಎಂದದ್ದು ತಾಗಿತು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತವನು ಕಾರವಾರ ಬರುವ ಹೊತ್ತಿಗೆ ಹೇಳಿದ:

“ಸುಲೂ, ಆ ಸಿಪಾಯಿಗಳ ಮೇಲೆ ಚಿತ್ರದ ಪುಸ್ತ್ಕ ಇರ್ತದೇನೆ? ನನ್ನ ಕಣ್ಣು ಪೂರಾ ಹೋಗೂದ್ರೊಳಗೆ ತರ್ಸು. ಓದಿ ಹೇಳೂದು ಬ್ಯಾಡ. ಹೊಲಿಗೆ ಕಂಡ್ರೆ ಸಾಕು, ಉಳ್ದದ್ದು ನಾ ಓದ್ಕಣ್ತೆ.”

ಮಗಳು ಸುಲೋಚನೆಯಾದ ನನ್ನ ಹತ್ತಿರ ಅಪ್ಪ ತನಗಾಗಿ ಏನನ್ನಾದರೂ ಕೇಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಪುಸ್ತಕ ಆರಿಸುವುದೆಂದರೆ ಬಟ್ಟೆ ಆರಿಸಿದ ಹಾಗೆ ಎಂದುಕೊಂಡೆ. ನನ್ನ ಇಂಗ್ಲಿಷು ಎತ್ತಿನಗಾಡಿಯ ವೇಗದ್ದು. ಹಾಗಾಗಿ ಮಲ್ಲಾಪುರ ಟೌನ್‌ಶಿಪ್ಪಿನ ಶಾಲೆಯ ಜಯಶ್ರೀ ಟೀಚರನ್ನು ಹಿಡಿದೆ. ಅವರು ಬ್ಲೌಸಿಗೆ ಬಂದಾಗಲೆಲ್ಲ “ಕೂಡ್ರಿ, ಇನ್ನೊಂದು ಗುಂಡಿ ಬಾಕಿ ಇದೆ” ಎಂದು ಕೂಡಿಸಿ, ಅವರ ಮೊಬೈಲಿನಲ್ಲಿ ಪುಸ್ತಕ ಹುಡುಕಿಸುತ್ತಿದ್ದೆ. ನಾನು ಬೆಚ್ಚಿಬಿದ್ದೆ. ಒಂದೆರಡಲ್ಲ, ಈ ಸಿಪಾಯಿಗಳ ಮೇಲೆಯೇ ರಾಶಿ ಪುಸ್ತಕಗಳು! ಬೂಟಿನ ಮೇಲೆ ಪುಸ್ತಕ, ಟೊಪ್ಪಿಯ ಮೇಲೆ ಪುಸ್ತಕ, ತೋಳಿನ ಮೇಲೆ ಹೊಲಿಯುವ ಬಿಲ್ಲೆಗಳ ಮೇಲೆಯೇ ಪುಸ್ತಕ. ಕಾರವಾರದಲ್ಲಿ ಮೂವತ್ತು ವರ್ಷದಿಂದ ತೋಳು ಹೊಲಿಯುತ್ತಿದ್ದೇನೆ, ಯಾರೂ ಒಂದು ಪುಟ ಬರೆದಿಲ್ಲ.

ಮೊದಲನೆಯದನ್ನು ಮುಖಪುಟ ನೋಡಿ ತರಿಸಿದೆ. ಹೊರಗೆ ಆಕಾಶದ ತುಂಬ ಬಿಳಿ ಛತ್ರಿಗಳು, ಮಲ್ಲಿಗೆ ಚೆಲ್ಲಿದ ಹಾಗೆ. ಒಳಗೆ ಬರೀ ದೊಡ್ಡ ಅಧಿಕಾರಿಗಳ ಮುಖ, ನಕಾಶೆ, ನಕಾಶೆಯ ತುಂಬ ಬಾಣ. ಅಪ್ಪ ಓರೆಗಣ್ಣಿನಲ್ಲಿ ಎಲ್ಲ ಪುಟ ನೋಡಿ, “ಇವ್ರೆಲ್ಲಾ ಹೊಲ್ಸಿದವ್ರು. ಹೊಲ್ದವ್ರು ಎಲ್ಲಿದಾರೆ?” ಎಂದು ಮುಚ್ಚಿಟ್ಟ.

ಎರಡನೆಯದು ಬಣ್ಣದ ಚಿತ್ರಗಳದ್ದು. ಟೀಚರ್ ಮೊಬೈಲಿನಲ್ಲಿ ಬೆರಳಿನಿಂದ ಹಿಗ್ಗಿಸಿ ತೋರಿಸಿದರು, ಆಹಾ, ಒಂದೊಂದು ಜೇಬೂ ಜೀವ ತಳೆದಂತೆ. ಇದೇ ಎಂದೆ. ಬಂತು ನೋಡಿ, ಪಂಚಾಂಗದ ದಪ್ಪ, ಅದಕ್ಕಿಂತ ಚೂರು ಉದ್ದ. ಮೊಬೈಲಿನಲ್ಲಿ ಹಿಗ್ಗಿಸಿದ ಜೇಬು ಇಲ್ಲಿ ಅವರೆಕಾಳಿನಷ್ಟಿತ್ತು. ಮೇಲಾಗಿ ಚಿತ್ರ ಬರೆದ ಪುಣ್ಯಾತ್ಮ ಎಲ್ಲ ಸಿಪಾಯಿಗಳನ್ನೂ ಎದುರುಮುಖವಾಗಿ ನಿಲ್ಲಿಸಿ, ಹೊಲಿಗೆ ಕಷ್ಟವಿರುವಲ್ಲೆಲ್ಲ ಕೈ ಅಡ್ಡ ಹಿಡಿಸಿದ್ದ. ಅಪ್ಪ ಕೊರಳಿನ ಟೇಪು ತೆಗೆದು ಪುಸ್ತಕಕ್ಕೆ ಹಿಡಿದ. ಉದ್ದ ನೋಡಿದ, ಅಗಲ ನೋಡಿದ.

“ಅಳ್ತೆ ತಗಳದೇ ಕತ್ತರಿ ಹಾಕೂಕೆ ನಾ ಯಾವಾಗ ಕಲ್ಸಿದ್ನೇ ನಿಂಗೆ?”

ಬೇರೆ ಯಾರು ಏನು ಹೇಳಿದ್ದರೂ ತಡೆದುಕೊಳ್ಳುತ್ತಿದ್ದೆ. ಇದು ಎದೆಗೆ ಹೊಡೆದಂತಾಯಿತು. ಟೀಚರು ಎಷ್ಟು ಸಲ ಬ್ಲೌಸು ಹೊಲಿಸಿದರೂ ಪ್ರತಿ ಸಲ ಅಳತೆ ತೆಗೆಯುವವಳು, ಪುಸ್ತಕಕ್ಕೆ ಮಾತ್ರ ಮುಖ ನೋಡಿ ಮರುಳಾದೆ. ಅಷ್ಟರಲ್ಲಿ ಒಂದೂವರೆ ತಿಂಗಳು ಕಳೆದಿತ್ತು. ಅಪ್ಪನ ಚುಕ್ಕೆ ದೊಡ್ಡದಾಗಿತ್ತು. ಸೂಜಿಗೆ ದಾರ ಪೋಣಿಸುವುದನ್ನು ಅವನು ಬಿಟ್ಟೇಬಿಟ್ಟಿದ್ದ.

ಮೂರನೆಯದನ್ನು ದರ್ಜಿಯ ಹಾಗೆ ಆರಿಸಿದೆ. ಟೀಚರಿಗೆ ಮೂರು ಕರಾರು ಹಾಕಿದೆ. ಬರೆದ ಚಿತ್ರ ಬೇಡ, ನಿಜವಾದ ಬಟ್ಟೆಯ ಫೋಟೋ ಬೇಕು. ಈಗ ಹೊಲಿದ ನಕಲಿ ಬೇಡ, ಅಂದು ತೊಟ್ಟದ್ದೇ ಬೇಕು. ಮತ್ತು ಬೆನ್ನು ತೋರಿಸಬೇಕು, ಒಳಮೈ ತೋರಿಸಬೇಕು. ಟೀಚರ್ ಪಾಪ, ಮೊಬೈಲಿನಲ್ಲಿ ಮಾದರಿಗೆಂದು ತೋರಿಸುವ ನಾಲ್ಕು ನಾಲ್ಕು ಪುಟಗಳನ್ನು ನೋಡಿ ನೋಡಿ, ಒಂದು ಸಂಜೆ ಹೊಸ ಬ್ಲೌಸಿನ ನೆಪವೂ ಇಲ್ಲದೆ ಓಡಿಬಂದರು. “ಸುಲೋಚನಾ ಬಾಯೀ, ಈ ಪುಸ್ತಕ ಮಾಡಿದವರು ನಿಮ್ಮ ಜಾತಿಯವರೇ. ಕೋಟನ್ನು ಉಲ್ಟಾ ಮಾಡಿ ಫೋಟೋ ತೆಗೆದಿದ್ದಾರೆ!”

ಈ ಸಲ ಪುಸ್ತಕದ ಉದ್ದ ಅಗಲ ಕೇಳಿದೆ. ಹಳೆಯ ಪೇಪರನ್ನು ಆ ಅಳತೆಗೆ ಸರಿಯಾಗಿ ಕತ್ತರಿಸಿ ಕಟಿಂಗ್ ಟೇಬಲ್ಲಿನ ಮೇಲೆ ಹಾಸಿದೆ. ಅಪ್ಪ ಅದನ್ನು ಎತ್ತಿ, ತಲೆ ವಾರೆ ಮಾಡಿ, ಹತ್ತಿರ ದೂರ ಹಿಡಿದು ನೋಡಿದ. “ಈ ಅಳ್ತೆ ಆಗ್ತದೆ” ಎಂದ. ಪೇಪರ್ ಕಟಿಂಗ್ ಮಾಡಿ ಪುಸ್ತಕ ತರಿಸಿದವರು ಕಾರವಾರದಲ್ಲಿ ಬಹುಶಃ ನಾವೇ ಇರಬೇಕು.

ಆ ಪುಸ್ತಕ ಬಂದ ದಿನ ನಾನು ಟೀಚರನ್ನು ಕರೆಸಿ, ಅಂಗಡಿಯ ಅರ್ಧ ಬಾಗಿಲು ಎಳೆದುಬಿಟ್ಟೆ.

ಏನು ಹೇಳಲಿ. ಇಷ್ಟು ವರ್ಷ ಸೈನಿಕರೆಂದರೆ ಬಂದೂಕು ಎಂದುಕೊಂಡವಳು ನಾನು. ಆ ಪುಟಗಳಲ್ಲಿ ನನಗೆ ಕಂಡದ್ದು ಹೊಲಿಗೆ, ಹೊಲಿಗೆ, ಹೊಲಿಗೆ. ಎದೆಯ ಜೇಬು ಓರೆ, ಯಾಕೆಂದರೆ ಎದೆಯ ಮೇಲೆ ಪಟ್ಟಿಗಳು ಬಿಗಿದಿರುವಾಗಲೂ ಕೈ ತೂರಬೇಕು. ಕತ್ತಿನ ಬುಡದಲ್ಲಿ ಒಂದು ಗುಟ್ಟಿನ ಜೇಬು, ಅದರಲ್ಲಿ ಮಡಚುವ ಚಾಕು, ಮರದ ಮೇಲೆ ಸಿಕ್ಕಿಕೊಂಡರೆ ತನ್ನ ಹಗ್ಗವನ್ನು ತಾನೇ ಕೊಯ್ದುಕೊಳ್ಳಲು. ಹೊಟ್ಟೆಯ ಮೇಲೆ ಎರಡನೆಯ ಛತ್ರಿ, ಬೆನ್ನಿನದು ಬಿಚ್ಚದಿದ್ದರೆ ಇರಲಿ ಎಂದು. ಒಂದು ಪುಟದಲ್ಲಿ ಪ್ಯಾಂಟಿನ ಮಂಡಿಗೆ, ಅಂಗಿಯ ಮೊಣಕೈಗೆ ದಪ್ಪ ಕ್ಯಾನ್ವಾಸಿನ ತುಂಡುಗಳು. ಅವು ಕಾರ್ಖಾನೆಯಿಂದ ಬಂದದ್ದಲ್ಲ, ನೆಲಕ್ಕೆ ಅಪ್ಪಳಿಸುವಾಗ ಅಲ್ಲೇ ಹರಿಯುತ್ತದೆಂದು ಕಂಡು ಪಾಳೆಯದಲ್ಲಿ ಛತ್ರಿ ಮಡಚುವವರೇ ಕೂತು ಹೊಲಿದು ಕೊಟ್ಟದ್ದು ಎಂದು ಟೀಚರ್ ಓದಿ ಹೇಳಿದರು. ನೆನೆದು ನೋಡಿ. ಜಗತ್ತನ್ನೇ ಸುಡುವ ಯುದ್ಧ ನಡೆಯುತ್ತಿದೆ, ನಾಳೆಯೋ ನಾಡಿದ್ದೋ ಈ ಹುಡುಗರು ಹಾರಬೇಕು, ಅಂಥ ಹೊತ್ತಿನಲ್ಲಿ ಯಾರೋ ಒಬ್ಬ ಮಶೀನಿನ ಮುಂದೆ ಕೂತು, ಗುರುತಿಲ್ಲದವನ ಮಂಡಿಗೆ ತುಂಡು ಹಚ್ಚುತ್ತಿದ್ದಾನೆ.

ಇನ್ನೊಂದು ಪುಟದಲ್ಲಿ ಒಂದು ಚಿಕ್ಕ ಚೀಟಿಯ ಫೋಟೋ. ಛತ್ರಿಯ ಚೀಲದಲ್ಲಿ ಅದಕ್ಕೆಂದೇ ಒಂದು ಜೇಬಂತೆ. ಯಾರು ಮಡಚಿದರು, ಯಾವಾಗ ಮಡಚಿದರು, ಅವರ ಸಹಿ. ಟೀಚರ್ ಇದನ್ನು ಓದಿದಾಗ ಅಪ್ಪ ಆ ಚೀಟಿಯ ಮೇಲೆ ಬೆರಳಿಟ್ಟ.

“ಅಂದ್ರೆ ಆ ಹುಡ್ಗ ಹಾರೂದು ಛತ್ರಿ ನಂಬ್ಕಂಡು ಅಲ್ಲ,” ಎಂದ. “ಸಹಿ ನಂಬ್ಕಂಡು.”

ಆಮೇಲೆ ಇಡೀ ಪುಟದ ಒಂದು ಫೋಟೋ ಬಂತು. ಬಿಳಿಯ ಛತ್ರಿಯ ಬಟ್ಟೆಯನ್ನು ಹತ್ತಿರದಿಂದ ತೆಗೆದದ್ದು. ಪಟ್ಟಿಗೆ ಪಟ್ಟಿ ಕೂಡಿಸಿದ ಹೊಲಿಗೆ, ಆ ಹೊಲಿಗೆಯೊಳಗೆ ಟೊಳ್ಳು ದಾರಿ, ಆ ದಾರಿಯಿಂದ ಹೊರಬಂದ ಹಗ್ಗ. ಗಾಳಿಯಾಡುವುದಕ್ಕಲ್ಲ ಅಜ್ಜೀ, ಹಗ್ಗಕ್ಕೆ! ಆಕಾಶದಿಂದ ಇಳಿಯುವ ಭಾರ ಹೊತ್ತ ಹಗ್ಗ ಓಡಿದ ದಾರಿಯಲ್ಲಿ ನಾನು ಹುಣಸೆಬೀಜ ಓಡಿಸಿದ್ದೆ. ನಗಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ. ಅಪ್ಪನ ಟ್ರಂಕಿನಿಂದ ಜೋಲಿಯನ್ನು ತೆಗೆದು ಫೋಟೋದ ಪಕ್ಕದಲ್ಲಿ ಹಾಸಿದೆ. ಹುಳ ಬಾರದಿರಲೆಂದು ಇಟ್ಟಿದ್ದ ಲವಂಗದ ವಾಸನೆ ಅಂಗಡಿ ತುಂಬಿತು. ಅದೇ ಹೊಳಪು, ಅದೇ ದಾರಿ. ಛತ್ರಿಯಂತೂ ಹೌದು.

ಆದರೆ ಮನುಷ್ಯನದೋ, ಮೂಟೆಯದೋ? ಟೀಚರ್ ಮುಂದೆ ಓದಿದರು. ಮೂಟೆ ಇಳಿಸುವ ಛತ್ರಿಗಳನ್ನು ಇಳಿದ ಮೇಲೆ ಬಹಳಷ್ಟು ಸಲ ಬಿದ್ದಲ್ಲೇ ಬಿಟ್ಟು ಹೋಗುತ್ತಿದ್ದರು. ಮನುಷ್ಯ ಇಳಿದ ಛತ್ರಿ ಮರಳಿ ಸಿಕ್ಕರೆ ಅದನ್ನು ಬೆಳಕಿಗೆ ಹಿಡಿದು ಅಂಗುಲ ಅಂಗುಲ ನೋಡಿ, ಹರಿದಲ್ಲಿ ತೇಪೆ ಹಾಕಿ, ಮತ್ತೆ ಮಡಚಿಡುತ್ತಿದ್ದರು. ಪಕ್ಕದಲ್ಲೇ ಅಂಥ ತೇಪೆಯ ಫೋಟೋ. ನಾಲ್ಕು ಮೂಲೆಯೂ ನೇರ, ಸುತ್ತ ಎರಡು ಸಾಲು ಹೊಲಿಗೆ.

“ನಮ್ಮದ್ರಲ್ಲಿ ತೇಪೆ ಇಲ್ವಲ್ಲ ಅಪ್ಪಾ” ಎಂದೆ. ನನ್ನ ದನಿ ನನಗೇ ಸಪ್ಪೆಯಾಗಿ ಕೇಳಿಸಿತು. ವಿಠೋಬಣ್ಣ ಗೆದ್ದರು ಎನಿಸಿತು.

ಅಪ್ಪ ಬಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಕಣ್ಣು ಮುಚ್ಚಿ, ಅಂಚಿನಿಂದ ಕೈಯಾಡಿಸುತ್ತ ಬಂದ. ಮೂಲೆಯ ಮಾವಿನಕಾಯಿಯ ಹತ್ತಿರ ಬೆರಳು ನಿಂತಿತು. ಬಟ್ಟೆ ಮಗುಚಿದ. ಉಲ್ಟಾ ಬದಿಯಲ್ಲಿ ಮತ್ತೆ ಕೈಯಾಡಿಸಿದ.

“ಇಲ್ಲಿ ಯಂತಾ ಉಂಟು, ನೋಡ್ ಹೇಳು.”

ನಾನು ನೋಡದ್ದೇ ಅದು? ಎಷ್ಟು ಸಲ ಒಗೆದು ಒಣಹಾಕಿದ್ದೇನೆ. ಉಲ್ಟಾ ಬದಿಯಲ್ಲಿ ಮಾವಿನಕಾಯಿಯ ಆಕಾರದ ಹೊಲಿಗೆಯಿತ್ತು, ಅದರೊಳಗೆ ಒಂದು ಚೌಕಾಕಾರದ ಹೊಲಿಗೆಯಿತ್ತು. ಮಾವಿನಕಾಯಿ ಜಾರದಿರಲೆಂದು ಅಜ್ಜ ಮೊದಲು ಚೌಕಾಕಾರದಲ್ಲಿ ಹಿಡಿಸಿಕೊಂಡಿದ್ದಾನೆ ಎಂದು ನಾನೇ ನಿರ್ಧಾರ ಮಾಡಿಬಿಟ್ಟಿದ್ದೆ. ಊರವರೆಲ್ಲರ ಬಟ್ಟೆ ಮಗುಚುವ ನಾನು ನಮ್ಮ ಮನೆಯ ಬಟ್ಟೆಯನ್ನು ಮಗುಚಿಯೂ ನೋಡಿರಲಿಲ್ಲ.

“ಚೌಕಾ ಹೊಲ್ದದ್ದು ಅಪ್ಪ ಅಲ್ಲ” ಎಂದ ನನ್ನ ಅಪ್ಪ. “ಮಾವಿನಕಾಯಿ ಅಪ್ಪಂದು. ಕೈಗೆ ಗೊತ್ತಾಗ್ತದೆ. ಅಪ್ಪನ ಮಶೀನಿಗೆ ಈ ಬಟ್ಟೆ ಜಾರಿದೆ, ಅಲ್ಲಲ್ಲಿ ಸುಕ್ಕಾಗಿದೆ, ನೂಲಿನ ದಾರ. ಚೌಕಾ ನೋಡು, ಎರಡು ಸಾಲು, ಮೂಲೆ ಎಲ್ಲೂ ಬಾಗ್ಲಿಲ್ಲ. ದಾರ ಬಟ್ಟೆ ಹಾಂಗೇ ನುಣ್ಣಗಿದೆ. ಅಂತಾ ದಾರ ಅಂಕೋಲೇಲಿ ಎಲ್ಲಿತ್ತು ಆವಾಗ?”

ಭೂತಗನ್ನಡಿ ತಂದೆ. ಮಾವಿನಕಾಯಿಯ ಅಡಿಯಲ್ಲಿ, ಅದರ ಕೆಂಪು ಮೈಯ ಮರೆಯಲ್ಲಿ, ಬಿಳಿಯ ಬಟ್ಟೆಯದೇ ಒಂದು ಚೌಕ ತುಂಡು. ಎರಡು ಸಾಲು. ನಾಲ್ಕು ನೇರ ಮೂಲೆ. ಪುಸ್ತಕದ ಫೋಟೋದಲ್ಲಿದ್ದದ್ದೇ.

ಅಜ್ಜ ತೇಪೆಯನ್ನು ಮುಚ್ಚಿದ್ದ. ಟೇಲರ್ ಹಮ್ಮಣ್ಣ ತನ್ನ ಚೊಚ್ಚಲ ಮಗನನ್ನು ತೇಪೆ ಹಾಕಿದ ಬಟ್ಟೆಯಲ್ಲಿ ಮಲಗಿಸಿದ ಎಂದು ಯಾರೂ ಅನ್ನಬಾರದಲ್ಲ. ಹೊಲಿಯುವವನ ಮರ್ಯಾದೆಯ ಪ್ರಶ್ನೆ. ತನ್ನ ಮಾತಿಗೆ ಇದ್ದ ಒಂದೇ ಒಂದು ಸಾಕ್ಷಿಯನ್ನು ಆ ಮನುಷ್ಯ ತನ್ನ ಕೈಯಾರೆ, ಇಷ್ಟು ಚಂದದ ಮಾವಿನಕಾಯಿಯ ಕೆಳಗೆ ಹೊಲಿದು ಮುಚ್ಚಿ, ಜೀವಮಾನವಿಡೀ ಸುಳ್ಳುಗಾರನೆನಿಸಿಕೊಂಡ. ಒಬ್ಬ ದರ್ಜಿಯಲ್ಲದೆ ಬೇರೆ ಯಾರೂ ಮಾಡುವ ತಪ್ಪಲ್ಲ ಅದು. ನನಗೆ ಅಳು ಬಂತು. ಟೀಚರಿಗೂ ಬಂತು, ಅವರು ಕನ್ನಡಕ ಒರೆಸಿಕೊಂಡು, “ಆದರೆ ಅಮೇರಿಕದವನೇ ಅಂತ ಹೇಗೆ ಹೇಳೋದು?” ಎಂದರು. ಟೀಚರಲ್ಲವೇ.

ಅಪ್ಪ ತಲೆಯಾಡಿಸಿದ. “ಅದು ನಂಗೂ ಗೊತ್ತಿಲ್ಲ. ಎಲ್ಲಿಯಂವನೋ. ಮನ್ಷಾ ಹೌದಲ್ಲ, ಸಾಕು. ಒಬ್ಬಂವ ಇಳ್ದಾನೆ. ಹರ್ದದ್ದು ಹೊಲ್ದಾರೆ, ಮತ್ತೊಬ್ಬಂವ ಇಳೀಲಿ ಅಂತ.”

ದೀಪಾ ಹೆಣ್ಣುಕೂಸು ಹೆತ್ತಳು. ಹನ್ನೆರಡನೆಯ ದಿನ ಅಂಕೋಲೆಯ ತಮ್ಮನ ಮನೆಯಲ್ಲಿ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಅಜ್ಜ ಮಶೀನು ಇಟ್ಟುಕೊಂಡಿದ್ದ ಅದೇ ಜಗಲಿ. ಆ ಹೊತ್ತಿಗೆ ಅಪ್ಪನ ನಡುವಿನ ನೋಟ ಪೂರ್ತಿ ಹೋಗಿತ್ತು. ತೊಲೆಗೆ ಜೋಲಿ ಕಟ್ಟಲು ನಾನು ಸ್ಟೂಲು ಹತ್ತಿದೆ. ವಾಡಿಕೆಯಂತೆ ಮಾವಿನಕಾಯಿ ಹೊರಗೆ ಮಾಡಿ ಗಂಟು ಹಾಕುವಷ್ಟರಲ್ಲಿ ಅಪ್ಪ ಕೆಳಗಿನಿಂದ ಬಟ್ಟೆ ಹಿಡಿದ.

“ಉಲ್ಟಾ ಕಟ್ಟು.”

“ಯಂತಾ?”

“ಮಾವಿನಕಾಯಿ ಕೂಸಿನ ಬದಿಗಿರ್ಲಿ, ಅದು ಆಡೂಕೆ. ಬಂದವ್ರಿಗೆ ಹೊಲಿಗೆ ಕಾಣ್ಲಿ.”

ಬಟ್ಟೆಯ ಉಲ್ಟಾ ಬದಿಯನ್ನು ನಾಲ್ಕು ಜನರ ಎದುರು ಹೊರಗೆ ಹಾಕುವುದೆಂದರೆ ಟೇಲರಿಗೆ ಎಂಥ ಮಾತು ಅದು. ಬಟ್ಟೆ ಮಗುಚಿದೆ. ಕಟ್ಟಿದೆ.

ಅಮದಳ್ಳಿಯಿಂದ ವಿಠೋಬಣ್ಣ ಬಂದರು. ಕೂಸಿನ ಅಜ್ಜ ಅವರು, ಬಂದವರೇ ಜೋಲಿಯ ಹತ್ತಿರ ಹೋದರು. ಹೋದವರು ಅಲ್ಲೇ ನಿಂತರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಚೌಕವನ್ನು ನೋಡಿದರು, ಹೆಬ್ಬೆರಳಿನಿಂದ ಒರೆಸಿ ನೋಡಿದರು. ನಾನು ತಂದಿದ್ದ ಪುಸ್ತಕವನ್ನು ತೆರೆದು ಆ ಪುಟ ಹಿಡಿದೆ. ಅವರು ಫೋಟೋ ನೋಡಿದರು, ಬಟ್ಟೆ ನೋಡಿದರು, ಮತ್ತೆ ಫೋಟೋ ನೋಡಿದರು. ಸ್ಟೋರಿನವರಿಗೆ ಹೊಸ ಮಾಲು ಯಾವುದು, ದುರಸ್ತಿಯಾಗಿ ಮರಳಿದ್ದು ಯಾವುದು ಎಂದು ಹೇಳಿಕೊಡಬೇಕೇ?

“ಇದು ವಾಪಸ್ ಬಂದದ್ದು, ಬೀಗ್ರೇ” ಎಂದರು ಮೆಲ್ಲಗೆ. “ಮೂಟೆದು ಯಾರೂ ಇಷ್ಟು ಚಂದ ಹೊಲ್ದು ಇಡೂದಿಲ್ಲ. ನಾ ಅವತ್ತು ಸುಮ್ನೆ ಹೇಳ್ಬಿಟ್ಟೆ.”

ಅಪ್ಪ ಏನಾದರೂ ಅನ್ನುತ್ತಾನೆ ಎಂದು ಕಾದೆ. ಶಾಲೆಯ ದಿನದಿಂದ ಕಾದಿಟ್ಟ ಮಾತು ಇರಬೇಕಲ್ಲ. ಅವನು ವಿಠೋಬಣ್ಣನ ಕೈ ಹಿಡಿದು ತನ್ನ ಪಕ್ಕಕ್ಕೆ ನಿಲ್ಲಿಸಿಕೊಂಡ.

ಹೆಂಗಸರು ಹಾಡು ಹೇಳುತ್ತ ಕೂಸನ್ನು ಜೋಲಿಯ ಮೇಲಿನಿಂದ ಕೆಳಗಿನಿಂದ ದಾಟಿಸಿ ಒಳಗೆ ಮಲಗಿಸಿದರು. ಬಟ್ಟೆ ಭಾರಕ್ಕೆ ಬಿಗಿದುಕೊಂಡಿತು. ಅಪ್ಪ ಮುಂದೆ ಬಂದ. ಮರಿಮಗಳ ಮುಖ ಕಾಣಲೆಂದು ತಲೆಯನ್ನು ಅತ್ತ ವಾರೆ ಮಾಡಿದ, ಇತ್ತ ವಾರೆ ಮಾಡಿದ. ಎಷ್ಟು ಕಂಡಿತೋ ನನಗೆ ಗೊತ್ತಿಲ್ಲ. ಆಮೇಲೆ ಕೈಯಿಂದ ತಡವುತ್ತ ಆ ಚೌಕವನ್ನು ಹುಡುಕಿ, ಎಲ್ಲಿಯದೋ ಪಾಳೆಯದಲ್ಲಿ ಯಾರೋ ಹಾಕಿದ ಆ ಹೊಲಿಗೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು, ಒಮ್ಮೆ ಜಗ್ಗಿದ.

“ಹಿಡೀತದೆ” ಎಂದ.